ಹಳೆ ಟ್ರ್ಯಾಕ್ಟರ್, ಚೆನ್ನೈ ಗಾಳಿ ಮತ್ತು ಸರಿಯಾದ ಸ್ಪ್ರೇ ಗನ್

ಹಳೆಯ ಟ್ರ್ಯಾಕ್ಟರಿಗೆ ಹೊಸದಾಗಿ ಬಣ್ಣ ಹೊಡೆಯಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಸ್ಪ್ರೇ ಗನ್ ಒಳ್ಳೆಯದು? ಚೆನ್ನೈನ ಪುದುಪೇಟೆಯಲ್ಲೋ ಪ್ಯಾರೀಸ್ ಕಾರ್ನರ್ ಸುತ್ತಲಿನ ಹಾರ್ಡ್‌ವೇರ್ ಬೀದಿಗಳಲ್ಲೋ ಹೀಗೆ ಕೇಳಿ ನೋಡಿ. ಅಂಗಡಿಯವರು ಮೇಜಿನ ಮೇಲೆ ಹತ್ತು ಬಗೆಯ ಗನ್ ತಂದಿಡುತ್ತಾರೆ. ಸಾವಿರ ರೂಪಾಯಿ ಆಸುಪಾಸಿನದೂ ಇರುತ್ತದೆ, ಹತ್ತಾರು ಸಾವಿರದ ಜರ್ಮನ್ ಮಾಲೂ ಇರುತ್ತದೆ. ಕೈಗೆ ಚೆನ್ನಾಗಿ ಕೂತದ್ದನ್ನು, ಕೈಯಲ್ಲಿದ್ದ ದುಡ್ಡಿಗೆ ಹೊಂದಿದ್ದನ್ನು ಕೊಂಡು ಮನೆಗೆ ಬರುತ್ತೇವೆ. ಮನೆಯಲ್ಲಿರುವ ಕಂಪ್ರೆಸರ್ ಎಷ್ಟು ಗಾಳಿ ಕೊಡುತ್ತದೆ, ಆ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಎರಡಕ್ಕೆ ಉತ್ತರ ಸಿಗದೆ ಗನ್ ಆರಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಮುದ್ರದ ಪಕ್ಕದಲ್ಲಿರುವ ಚೆನ್ನೈನಲ್ಲಂತೂ ಈ ಮಾತು ಇನ್ನಷ್ಟು ಸತ್ಯ.

ಈ ವಿಷಯ ಮಾತಾಡಲು ಚೆನ್ನೈಗಿಂತ ಒಳ್ಳೆಯ ಜಾಗ ದಕ್ಷಿಣ ಭಾರತದಲ್ಲಿಲ್ಲ. ನಗರದ ಉತ್ತರಕ್ಕಿರುವ ಸೆಂಬಿಯಂನಲ್ಲಿ ಟ್ರ್ಯಾಕ್ಟರ್ಸ್ ಅಂಡ್ ಫಾರ್ಮ್ ಇಕ್ವಿಪ್‌ಮೆಂಟ್, ಎಲ್ಲರ ಬಾಯಲ್ಲೂ ಟಾಫೆ, 1960ರಲ್ಲಿ ಹುಟ್ಟಿತು. ಮಾಸಿ ಫರ್ಗುಸನ್ ಜೊತೆಗಿನ ಸಹಯೋಗದಲ್ಲಿ ಅದು ತಯಾರಿಸಿದ 1035 ಮಾದರಿ ಕರ್ನಾಟಕದ ಎಷ್ಟೋ ಹಳ್ಳಿಗಳ ಅಂಗಳದಲ್ಲಿ ಇವತ್ತಿಗೂ ನಿಂತಿದೆ. ಅದೇ ಬಳಗದ ಸಿಂಪ್ಸನ್ ಕಂಪನಿ ಟ್ರ್ಯಾಕ್ಟರಿಗೆ ಎಂಜಿನ್ ಕೊಟ್ಟಿತು, ಅಡಿಸನ್ ಪೇಂಟ್ಸ್ ಎಂಬ ಹೆಸರಿನಲ್ಲಿ ಅಲ್ಲೇ ಬಣ್ಣವೂ ತಯಾರಾಯಿತು. ಮುಂದೆ ಟಾಫೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಕಾರ್ಖಾನೆ ಹಾಕಿತು, 2005ರಲ್ಲಿ ಐಷರ್ ಟ್ರ್ಯಾಕ್ಟರ್ ವಿಭಾಗವನ್ನೂ ಕೊಂಡಿತು. ಕೋಲಾರ, ಹೊಸೂರು ಕಡೆಯವರಿಗೆ ಹಳೆ ಬಿಡಿಭಾಗ ಬೇಕೆಂದರೆ ಚೆನ್ನೈ ದೂರದ ಊರಲ್ಲ.

ಸಿಂಪ್ಸನ್ ಕಂಪನಿಯ ಕಥೆಯಲ್ಲೇ ಬಣ್ಣದ ಕಥೆಯೂ ಅಡಗಿದೆ. 1840ರಲ್ಲಿ ಮದ್ರಾಸಿನಲ್ಲಿ ಶುರುವಾದಾಗ ಅದು ಕುದುರೆ ಸಾರೋಟು ಕಟ್ಟುವ ಕಂಪನಿ. ಆ ಕಾಲದ ಸಾರೋಟಿಗೆ ಬಣ್ಣವೆಂದರೆ ಬ್ರಷ್. ಒಂದು ಕೋಟು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಕೊನೆಗೆ ವಾರ್ನಿಷ್ ಹಚ್ಚುವ ಹೊತ್ತಿಗೆ ವಾರಗಳೇ ಉರುಳುತ್ತಿದ್ದವು. ಅಮೆರಿಕದ ಓಹಾಯೋದ ಟೊಲೆಡೊ ಊರಿನಲ್ಲಿ ಡಾಕ್ಟರ್ ಆಲೆನ್ ಡೆವಿಲ್‌ಬಿಸ್ 1880ರ ದಶಕದ ಕೊನೆಯಲ್ಲಿ ಗಂಟಲಿಗೆ ಔಷಧ ಸಿಂಪಡಿಸುವ ಸಾಧನ ಮಾಡಿದರು. ಅವರ ಮಗ ಥಾಮಸ್ ಅದೇ ತತ್ವವನ್ನು ಬಣ್ಣಕ್ಕೆ ತಿರುಗಿಸಿ 20ನೇ ಶತಮಾನದ ಮೊದಲ ದಶಕದಲ್ಲಿ ಸ್ಪ್ರೇ ಗನ್ ಮಾಡಿದರು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೊ ಎಂಬ ಬಣ್ಣ ಬಂದ ಮೇಲೆ ವಾರಗಳ ಕೆಲಸ ಕೆಲವೇ ಗಂಟೆಗಳಿಗೆ ಇಳಿಯಿತು. ಡ್ಯೂಕೊ ಬಹಳ ಬೇಗ ಒಣಗುತ್ತಿದ್ದುದರಿಂದ ಬ್ರಷ್ಷಿಗೆ ಒಗ್ಗುತ್ತಿರಲಿಲ್ಲ, ಗನ್ ಬೇಕೇಬೇಕಾಯಿತು. ನಮ್ಮ ಗ್ಯಾರೇಜುಗಳಲ್ಲಿ ಹಳಬರು ಇವತ್ತಿಗೂ ಕಾರಿನ ಬಣ್ಣವನ್ನು ‘ಡ್ಯೂಕೊ’ ಎಂದೇ ಕರೆಯುವುದು ಇದರಿಂದಲೇ.

ಈಗ ಟ್ರ್ಯಾಕ್ಟರಿನ ಮೈ ನೋಡೋಣ. ಕಾರಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಬಾನೆಟ್ ಮತ್ತು ಮಡ್‌ಗಾರ್ಡ್ ಬಿಟ್ಟರೆ ಟ್ರ್ಯಾಕ್ಟರಿನಲ್ಲಿ ಅಗಲವಾದ ತಗಡು ಹೆಚ್ಚಿಲ್ಲ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ದಪ್ಪ ಎರಕದ ಕಬ್ಬಿಣ, ಒರಟು ಮೈ, ಸಾವಿರ ಸಂದುಗೊಂದು. ಆ ಸಂದುಗಳಲ್ಲಿ 30 ವರ್ಷದ ಗ್ರೀಸು, ಡೀಸೆಲ್, ಕೆಸರು ಸೇರಿ ಗಟ್ಟಿಯಾಗಿರುತ್ತದೆ. ಕಾರ್ಖಾನೆಯಲ್ಲಿ ಭಾಗಗಳನ್ನು ತೊಳೆದು, ಫಾಸ್ಫೇಟ್ ಲೇಪಿಸಿ, ಒಲೆಯಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ. ನಮ್ಮ ಶೆಡ್ಡಿನಲ್ಲಿ ಒಲೆಯಿಲ್ಲ. ಹಾಗಾಗಿ ಮಾಮೂಲಿ ಉಷ್ಣಾಂಶದಲ್ಲೇ ಗಟ್ಟಿಯಾಗುವ ಬಣ್ಣ, ಅದಕ್ಕೆ ತಕ್ಕ ಪ್ರೈಮರ್, ಇವೆರಡನ್ನೂ ಹೊಡೆಯಬಲ್ಲ ಗನ್ ಬೇಕು. ಒಂದೇ ಗನ್ ಇದೆಲ್ಲವನ್ನೂ ಚೆನ್ನಾಗಿ ಮಾಡೀತು ಎಂದು ಮಾರುವವರು ಹೇಳಿದರೆ ನಂಬಬೇಡಿ.

ಗಾಳಿಯ ಲೆಕ್ಕಕ್ಕೆ ಬರೋಣ. ಗನ್ನಿನ ಡಬ್ಬಿಯ ಮೇಲೆ ಅದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕುಡಿಯುತ್ತದೆ ಎಂದು ಬರೆದಿರುತ್ತದೆ. ಇದೇ ಸಿಎಫ್‌ಎಂ. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್. ಕಂಪ್ರೆಸರಿನ ಫಲಕದ ಮೇಲೂ ಒಂದು ಸಿಎಫ್‌ಎಂ ಇರುತ್ತದೆ, ಮೋಸ ಹೋಗುವುದು ಇಲ್ಲಿ. ಬಹಳಷ್ಟು ಫಲಕಗಳು ತೋರಿಸುವುದು ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕ. ಪೈಪಿನ ತುದಿಗೆ ನಿಜವಾಗಿ ಬರುವುದು ಅದರ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದಷ್ಟೇ. ಇದನ್ನು ಎಫ್‌ಎಡಿ ಎನ್ನುತ್ತಾರೆ. ಕೊಳ್ಳುವಾಗ ಎಫ್‌ಎಡಿ ಎಷ್ಟೆಂದು ಕೇಳಿ, ಬರೆಸಿಕೊಳ್ಳಿ. ಅಂದಾಜಿಗೆ ಒಂದು ಎಚ್‌ಪಿಗೆ 3ರಿಂದ 4 ಸಿಎಫ್‌ಎಂ ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು. ಕೊಯಮತ್ತೂರಿನ ಎಲ್ಜಿ ಇರಲಿ, ಸ್ಥಳೀಯವಾಗಿ ಜೋಡಿಸಿದ್ದಿರಲಿ, ಸಿಂಗಲ್ ಫೇಸಿನಲ್ಲಿ ಓಡುವ 2 ಎಚ್‌ಪಿ ಯಂತ್ರ 6 ಸಿಎಫ್‌ಎಂ ಸುತ್ತಮುತ್ತ ಕೊಡುತ್ತದೆ ಎಂದೇ ಲೆಕ್ಕ ಹಾಕಿ.

ಅಂಥ ಯಂತ್ರಕ್ಕೆ ದೊಡ್ಡ ಎಚ್‌ವಿಎಲ್‌ಪಿ ಗನ್ ಜೋಡಿಸಿದರೆ ಏನಾಗುತ್ತದೆ ನೋಡಿ. ಎಚ್‌ವಿಎಲ್‌ಪಿ ಎಂದರೆ ಹೆಚ್ಚು ಗಾಳಿ, ಕಡಿಮೆ ಒತ್ತಡದ ಗನ್. ಗನ್ನಿನ ತುದಿಯ ಗಾಳಿ ಮುಚ್ಚಳದ (ಏರ್ ಕ್ಯಾಪ್) ಬಳಿ ಒತ್ತಡ 10 ಪಿಎಸ್‌ಐ ಮೀರುವುದಿಲ್ಲ, ಆದರೆ ನಿಮಿಷಕ್ಕೆ 12 ಸಿಎಫ್‌ಎಂ, ಅಂದರೆ 340 ಲೀಟರ್ ಗಾಳಿ ಬೇಡುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ ಒತ್ತಡ 8 ಬಾರ್‌ನಿಂದ 4 ಬಾರ್‌ಗೆ ಇಳಿಯುವಷ್ಟರಲ್ಲಿ ಸಿಗುವುದು 400 ಲೀಟರ್. ಕಂಪ್ರೆಸರ್ ಓಡುತ್ತಾ ನಿಮಿಷಕ್ಕೆ 170 ಲೀಟರ್ ಸೇರಿಸುತ್ತದೆ. ಎರಡೂವರೆ ನಿಮಿಷ ಕಳೆಯುವುದರೊಳಗೆ ಗಾಳಿ ಸಾಲದಾಗುತ್ತದೆ. ಬಾನೆಟ್ಟಿನ ಮೊದಲ ಅರ್ಧ ಗಾಜಿನಂತೆ ಬರುತ್ತದೆ, ಉಳಿದರ್ಧದ ಮೇಲೆ ಹನಿ ದಪ್ಪವಾಗಿ ಬಿದ್ದು ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗುತ್ತದೆ. ಪೇಂಟರ್ ಬಣ್ಣ ಗಟ್ಟಿಯಾಯಿತೆಂದು ಥಿನ್ನರ್ ಸುರಿಯುತ್ತಾನೆ. ತೆಳುವಾದ ಬಣ್ಣ ಮಡ್‌ಗಾರ್ಡಿನ ಮೇಲೆ ನಿಲ್ಲದೆ ಇಳಿಯುತ್ತದೆ. ಕೊನೆಗೆ ಬೈಸಿಕೊಳ್ಳುವುದು ಬಣ್ಣದ ಕಂಪನಿ, ಇಲ್ಲವೇ ಪೇಂಟರ್. ತಪ್ಪು ಇರುವುದು ಕಂಪ್ರೆಸರ್ ಮತ್ತು ಗನ್ನಿನ ಜೋಡಿಯಲ್ಲಿ.

ಪೈಪಿನ ಬಗ್ಗೆಯೂ ಒಂದು ಮಾತು. ಒಳವ್ಯಾಸ 6 ಮಿ.ಮೀ. ಇರುವ ಉದ್ದನೆಯ ಪೈಪು ಗಾಳಿಯ ಗಂಟಲು ಹಿಚುಕುತ್ತದೆ. ಕಂಪ್ರೆಸರಿನ ಬಳಿಯ ಮೀಟರ್ 50 ಪಿಎಸ್‌ಐ ತೋರಿಸುತ್ತಿದ್ದರೂ ಗನ್ನಿನ ಬುಡಕ್ಕೆ ಅಷ್ಟು ತಲುಪುವುದಿಲ್ಲ. 8 ಅಥವಾ 10 ಮಿ.ಮೀ. ಪೈಪು ಹಾಕಿ, ಗನ್ನಿನ ಬುಡದಲ್ಲೇ ಸಣ್ಣ ರೆಗ್ಯುಲೇಟರ್ ಮೀಟರ್ ಕೂರಿಸಿ, ಟ್ರಿಗರ್ ಒತ್ತಿ ಹಿಡಿದಾಗ ಅದು ತೋರಿಸುವ ಅಂಕಿಯನ್ನೇ ನಂಬಿ.

ಇನ್ನು ನೀರು. ಚೆನ್ನೈನ ಪೇಂಟಿಂಗ್ ಸಮಸ್ಯೆಗಳ ಬಹುಪಾಲು ಬೇರು ಇಲ್ಲೇ ಇದೆ. ಹೊರಗೆ 32 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 75 ಎಂದಿಟ್ಟುಕೊಳ್ಳಿ. ಈ ಊರಿನಲ್ಲಿ ಅದು ಅಪರೂಪದ ದಿನವೇನೂ ಅಲ್ಲ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು 7 ಬಾರ್‌ಗೆ ಒತ್ತಿ ಮತ್ತೆ ತಣ್ಣಗಾಗಲು ಬಿಟ್ಟರೆ ನಾಲ್ಕು ಗ್ರಾಂ ಚಿಲ್ಲರೆಯಷ್ಟು ಮಾತ್ರ ಆವಿಯಾಗಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ನೀರಾಗುತ್ತದೆ. 10 ಸಿಎಫ್‌ಎಂ ಗನ್ನನ್ನು ಒಂದು ಗಂಟೆ ನಡೆಸಿದರೆ 17 ಘನ ಮೀಟರ್ ಗಾಳಿ ಬೇಕು. ಒಟ್ಟು ಲೆಕ್ಕ ಹಾಕಿದರೆ ಗಂಟೆಗೆ ಮುನ್ನೂರು ಮಿಲಿ ಲೀಟರಿಗೂ ಹೆಚ್ಚು ನೀರು. ಅಷ್ಟು ನೀರು ಟ್ಯಾಂಕಿನಲ್ಲೋ ಪೈಪಿನಲ್ಲೋ ಕೊನೆಗೆ ನಿಮ್ಮ ಬಾನೆಟ್ಟಿನ ಮೇಲೋ ಎಲ್ಲಾದರೂ ಸೇರಲೇಬೇಕು.

ಇದಕ್ಕೆಂದು ವಾಟರ್ ಸೆಪರೇಟರ್ ಇದೆ. ಆದರೆ ಅದನ್ನು ಕಂಪ್ರೆಸರಿನ ಬಾಯಿಗೇ ಕೂರಿಸಿರುವುದನ್ನು ಗ್ಯಾರೇಜಿನಿಂದ ಗ್ಯಾರೇಜಿಗೆ ನೋಡಿದ್ದೇನೆ. ಟ್ಯಾಂಕಿನಿಂದ ಹೊರಟ ಗಾಳಿ ಇನ್ನೂ ಬಿಸಿ, ನೀರು ಇನ್ನೂ ಆವಿ. ಆವಿ ಸೆಪರೇಟರಿನೊಳಗಿಂದ ನಿರಾತಂಕವಾಗಿ ದಾಟಿ ಹೋಗುತ್ತದೆ, ಮುಂದೆ ಪೈಪಿನಲ್ಲಿ ತಣ್ಣಗಾಗಿ ನೀರಾಗುತ್ತದೆ. ಸೆಪರೇಟರ್ ಕೂರಿಸಬೇಕಾದದ್ದು ಕಂಪ್ರೆಸರಿನಿಂದ ಕನಿಷ್ಠ 25 ಅಡಿ ದೂರದಲ್ಲಿ, ಗಾಳಿ ತಣಿದ ಮೇಲೆ. ಗೋಡೆಯ ಮೇಲೆ ಕಬ್ಬಿಣದ ಪೈಪನ್ನು ಮೇಲೆ ಕೆಳಗೆ ಎರಡು ಮೂರು ಸುತ್ತು ಓಡಿಸಿ, ಪ್ರತಿ ಕೆಳತುದಿಗೂ ಒಂದು ಡ್ರೈನ್ ನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಟ್ಯಾಂಕಿನ ತಳದ ನಲ್ಲಿಯನ್ನು ಕೆಲಸಕ್ಕೆ ಮುಂಚೆ ಬಿಚ್ಚಿ ನೀರು ಬಿಡಬೇಕು, ಮಧ್ಯಾಹ್ನ ಇನ್ನೊಮ್ಮೆ ಬಿಡಬೇಕು. ಮಳೆಗಾಲದಲ್ಲಿ ಅಲ್ಲಿಂದ ಬರುವ ತುಕ್ಕು ಬಣ್ಣದ ನೀರನ್ನು ಒಮ್ಮೆ ನೋಡಿದವರಿಗೆ ಈ ಮಾತನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಸೆಪರೇಟರ್ ಎಷ್ಟೇ ಚೆನ್ನಾಗಿದ್ದರೂ ಹೊರಗಿನ ತೇವಕ್ಕೆ ಅದು ಮದ್ದಲ್ಲ. 32 ಡಿಗ್ರಿ, ಶೇ 75 ತೇವಾಂಶದಲ್ಲಿ ಇಬ್ಬನಿ ಬೀಳುವ ಉಷ್ಣಾಂಶ 27 ಡಿಗ್ರಿ. ಬಣ್ಣ ಹೊಡೆಯುವ ಲೋಹ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಎಲ್ಲ ಕಡೆ ಪಾಲಿಸುವ ನಿಯಮ. ತಗಡಿನ ಬಾನೆಟ್ ಬೆಳಿಗ್ಗೆ ಬೇಗ ಬೆಚ್ಚಗಾಗುತ್ತದೆ. ಆದರೆ ರಾತ್ರಿಯಿಡೀ ತಣಿದ ಗೇರ್‌ಬಾಕ್ಸಿನ ಎರಕ ಬೆಚ್ಚಗಾಗಲು ಬಹಳ ಹೊತ್ತು ಬೇಕು. ಅದರ ಮೇಲೆ ಥಿನ್ನರ್ ಆವಿಯಾಗುವಾಗ ಮೈ ಇನ್ನಷ್ಟು ತಣ್ಣಗಾಗುತ್ತದೆ, ಕಣ್ಣಿಗೆ ಕಾಣದ ತೇವ ಕೂರುತ್ತದೆ. ಡ್ಯೂಕೊ ಜಾತಿಯ ನೈಟ್ರೊಸೆಲ್ಯುಲೋಸ್, ಅಂದರೆ ಎನ್‌ಸಿ ಬಣ್ಣವಾದರೆ ಒಣಗಿದ ಮೇಲೆ ಹಾಲಿನ ಪೊರೆಯಂತೆ ಬೆಳ್ಳಗಾಗುತ್ತದೆ, ನಿಧಾನ ಒಣಗುವ ರಿಟಾರ್ಡರ್ ಥಿನ್ನರ್ ಬೆರೆಸಿದರೆ ಸ್ವಲ್ಪ ಸರಿಹೋಗುತ್ತದೆ. ಪಾಲಿಯುರೆಥೇನ್, ಅಂದರೆ ಪಿಯು ಬಣ್ಣವಾದರೆ ಹಾರ್ಡನರ್ ನೀರಿನೊಂದಿಗೆ ಸೇರಿ ಅನಿಲ ಬಿಟ್ಟು ಸಣ್ಣ ಗುಳ್ಳೆ ಏಳುತ್ತವೆ. ಅದಕ್ಕೆ ಉಜ್ಜಿ ತೆಗೆಯುವುದೊಂದೇ ದಾರಿ.

ಚೆನ್ನೈನ ಬೇಸಿಗೆಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಒಳನುಗ್ಗಿ ತೇವ ತರುತ್ತದೆ. ಹೀಗಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗಿನ ಹೊತ್ತೇ ಕೊನೆಯ ಕೋಟಿಗೆ ಸರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾನ್ಸೂನಿನಲ್ಲಿ ಬಣ್ಣದ ಕೆಲಸವನ್ನೇ ಮುಂದಕ್ಕೆ ಹಾಕುವುದು ಜಾಣತನ. ಆಯುಧಪೂಜೆಗೆ ಟ್ರ್ಯಾಕ್ಟರ್ ಹೊಳೆಯಲೇಬೇಕು ಎನ್ನುವವರು ಆಗಸ್ಟಿನಲ್ಲೇ ಶುರುಮಾಡಲಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಈ ಮಾತು ಹಾಗೆಯೇ ಸಲ್ಲುತ್ತದೆ, ಅವರ ಮಳೆಗಾಲ ಮಾತ್ರ ಜೂನ್‌ನಲ್ಲಿ ಶುರು. ರಾಯಚೂರು, ಬಳ್ಳಾರಿಯ ಕಷ್ಟ ಇದಕ್ಕೆ ವಿರುದ್ಧ. ಅಲ್ಲಿ ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಹನಿ ಲೋಹ ಮುಟ್ಟುವ ಮೊದಲೇ ಥಿನ್ನರ್ ಹಾರಿಹೋಗಿ ಬಣ್ಣ ಪುಡಿಯಂತೆ ಕೂರುತ್ತದೆ. ನಿಧಾನದ ಥಿನ್ನರ್ ಬಳಸಬೇಕು, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಬೇಕು.

ಇಷ್ಟಾದ ಮೇಲೆ ಗನ್ನಿನ ಜಾತಿಗಳು. ಹಳೆಯ ಸಾದಾ ಗನ್ನುಗಳು 40ರಿಂದ 50 ಪಿಎಸ್‌ಐ ಒತ್ತಡದಲ್ಲಿ ಓಡುತ್ತವೆ. ಸಣ್ಣ ಗಾತ್ರದವಾದರೆ 6ರಿಂದ 8 ಸಿಎಫ್‌ಎಂ ಸಾಕು. ಹನಿಯನ್ನು ನುಣ್ಣಗೆ ಒಡೆಯುತ್ತವೆ, ಬಣ್ಣ ಹೊಳೆಯುತ್ತದೆ. ಆದರೆ ಹೊಡೆದ ಬಣ್ಣದಲ್ಲಿ ಮೂರನೇ ಒಂದು ಭಾಗ ಲೋಹದ ಮೇಲೆ ಕೂತರೆ ಹೆಚ್ಚು, ಉಳಿದದ್ದು ಮಂಜಾಗಿ ಹಾರುತ್ತದೆ. ಈ ನಷ್ಟ ಮತ್ತು ಹೊಗೆ ತಡೆಯಲು ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಗುಣಮಟ್ಟದ ನಿಯಮಗಳು ಶೇ 65 ಬಣ್ಣವಾದರೂ ಮೈಮೇಲೆ ಕೂರಬೇಕೆಂದು ಕಟ್ಟುಮಾಡಿದವು. ಎಚ್‌ವಿಎಲ್‌ಪಿ ಗನ್ನು ಜಗತ್ತಿನಲ್ಲಿ ಹರಡಿದ್ದಕ್ಕೆ ಅಂಥ ನಿಯಮಗಳೇ ದೊಡ್ಡ ಕಾರಣ. ಒಂದು ಲೀಟರ್ ಬಣ್ಣ ಮೈಮೇಲೆ ಕೂರಬೇಕಾದರೆ ಸಾದಾ ಗನ್ನಿನಲ್ಲಿ ಮೂರು ಲೀಟರಿಗೂ ಹೆಚ್ಚು ಹೊಡೆಯಬೇಕು, ಎಚ್‌ವಿಎಲ್‌ಪಿಯಲ್ಲಿ ಒಂದೂವರೆ ಲೀಟರ್. ಪಿಯು ಬಣ್ಣದ ಬೆಲೆ ಬಲ್ಲವರಿಗೆ ಈ ವ್ಯತ್ಯಾಸ ಸಣ್ಣದಲ್ಲ. 5 ಎಚ್‌ಪಿ ತ್ರೀ ಫೇಸ್ ಕಂಪ್ರೆಸರ್ ಇದ್ದವರು ಕಣ್ಣುಮುಚ್ಚಿ ಎಚ್‌ವಿಎಲ್‌ಪಿ ಕೊಳ್ಳಬಹುದು.

ಅಷ್ಟು ದೊಡ್ಡ ಯಂತ್ರ ಇಲ್ಲದವರಿಗೆ ಎಲ್‌ವಿಎಲ್‌ಪಿ ಎಂಬ ನಡುದಾರಿ ಇದೆ. ಕಡಿಮೆ ಗಾಳಿ, ಕಡಿಮೆ ಒತ್ತಡ. 4ರಿಂದ 8 ಸಿಎಫ್‌ಎಂನಲ್ಲಿ ಕೆಲಸ ಮಾಡುತ್ತದೆ, ಬಣ್ಣವೂ ಹೆಚ್ಚು ಹಾರುವುದಿಲ್ಲ. ಕೈ ಸ್ವಲ್ಪ ನಿಧಾನವಾಗಿ ಓಡಿಸಬೇಕು, ಕಾರಿನ ಇಡೀ ಮೈಯನ್ನು ಒಂದೇ ಉಸಿರಿನಲ್ಲಿ ಮುಗಿಸುವವರಿಗೆ ಇದು ಹಿಂಸೆ. ಆದರೆ ಟ್ರ್ಯಾಕ್ಟರಿನಲ್ಲಿ ಬಾನೆಟ್ ಬೇರೆ, ಮಡ್‌ಗಾರ್ಡ್ ಬೇರೆ, ರಿಮ್ ಬೇರೆ. ಒಂದೊಂದನ್ನೂ ಬಿಚ್ಚಿ ತೂಗುಹಾಕಿ ಹೊಡೆಯುತ್ತೇವೆ. ಎರಡು ಭಾಗಗಳ ನಡುವೆ ಟ್ಯಾಂಕ್ ತುಂಬಲು ಬಿಡುವು ಸಿಗುತ್ತದೆ. ಹಾಗಾಗಿ 2ರಿಂದ 3 ಎಚ್‌ಪಿ ಕಂಪ್ರೆಸರ್ ಇರುವ ರೈತನಿಗೆ, ಸಣ್ಣ ಗ್ಯಾರೇಜಿಗೆ, ಕೊನೆಯ ಕೋಟಿಗೆ ಎಲ್‌ವಿಎಲ್‌ಪಿ ಅಥವಾ ಸಣ್ಣ ಗಾತ್ರದ ಸಾದಾ ಗನ್ ಇವೆರಡರಲ್ಲಿ ಒಂದೇ ಸರಿಯಾದ ಆಯ್ಕೆ.

ಬಣ್ಣ ತುಂಬುವ ಕಪ್ಪು ಗನ್ನಿನ ಮೇಲಿರಬೇಕೋ ಕೆಳಗಿರಬೇಕೋ? ಮೇಲ್ಗಡೆ ಕಪ್ಪಿರುವ ಗ್ರಾವಿಟಿ ಗನ್ ಕೊನೆಯ ಹನಿಯವರೆಗೂ ಬಣ್ಣ ಎಳೆಯುತ್ತದೆ, ಕಡಿಮೆ ಒತ್ತಡದಲ್ಲೇ ನಡೆಯುತ್ತದೆ, ತೊಳೆಯುವುದು ಸುಲಭ. ಬಾನೆಟ್ಟಿಗೆ ಇದೇ ಸರಿ. ಚಾಸಿಯ ಅಡಿಗೆ ಮಲಗಿ ಮೇಲ್ಮುಖವಾಗಿ ಹೊಡೆಯುವಾಗ ಮಾತ್ರ ಕಪ್ಪಿನ ಮುಚ್ಚಳದ ತೂತಿನಿಂದ ಬಣ್ಣ ಮುಖದ ಮೇಲೆ ಸುರಿಯುತ್ತದೆ. ಕೆಳಗೆ ಒಂದು ಲೀಟರ್ ಕಪ್ಪಿರುವ ಸಕ್ಷನ್ ಗನ್ ಪ್ರೈಮರಿಗೆ, ಚಾಸಿಗೆ ಒಳ್ಳೆಯದು. ಆದರೆ ತುಂಬಿದಾಗ ಭಾರ, ತಳದಲ್ಲಿ ಬಣ್ಣ ಉಳಿದು ದಂಡವಾಗುತ್ತದೆ. ಬ್ಲಾಕ್ ಮತ್ತು ಸ್ಟಿಯರಿಂಗ್ ಬಾಕ್ಸ್ ನಡುವಿನ ಸಂದಿಗೆ ಇವೆರಡೂ ನುಗ್ಗುವುದಿಲ್ಲ. ಅಲ್ಲಿಗೆ 0.8 ಅಥವಾ 1.0 ಮಿ.ಮೀ. ನಾಜಲ್‌ನ ಸಣ್ಣ ಟಚ್‌ಅಪ್ ಗನ್ ಬೇಕು. ದೊಡ್ಡ ಗನ್ನಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಇದೊಂದನ್ನು ಕೊಂಡವರು ಖಂಡಿತ ಪಶ್ಚಾತ್ತಾಪ ಪಡುವುದಿಲ್ಲ.

ನಾಜಲ್ ಗಾತ್ರವನ್ನು ತೀರ್ಮಾನಿಸುವುದು ಬಣ್ಣ. ಎಪಾಕ್ಸಿ ಅಥವಾ ದಪ್ಪ ಸರ್ಫೇಸರ್ ಪ್ರೈಮರಿಗೆ 1.7ರಿಂದ 2.0 ಮಿ.ಮೀ., ಸಿಂಥೆಟಿಕ್ ಎನಾಮೆಲ್‌ಗೆ 1.5, ಪಿಯು ಕೊನೆಯ ಕೋಟಿಗೆ 1.3 ಅಥವಾ 1.4. ಎನಾಮೆಲ್ ಅಗ್ಗ, ಹೊಡೆಯುವುದು ಸುಲಭ, ಆದರೆ ಡೀಸೆಲ್ ಬಿದ್ದಲ್ಲಿ ಮೆತ್ತಗಾಗುತ್ತದೆ, ಬಿಸಿಲಿಗೆ ಬೇಗ ಕಳೆಗುಂದುತ್ತದೆ. ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಹಾರ್ಡನರ್ ಬೆರೆಸಿದ ಟೂಕೆ ಪಿಯು ಎಷ್ಟೋ ಮೇಲು. ಒಂದು ಎಚ್ಚರಿಕೆ: ಸಾದಾ ರೆಡ್ ಆಕ್ಸೈಡ್ ಪ್ರೈಮರಿನ ಮೇಲೆ ಪಿಯು ಹೊಡೆದರೆ ಅದರ ಖಾರದ ಥಿನ್ನರ್ ಕೆಳಗಿನ ಪದರವನ್ನು ಕೆದಕಿ ಸುಕ್ಕುಗಟ್ಟಿಸುತ್ತದೆ. ಪಿಯು ಆರಿಸಿದರೆ ಕೆಳಗೆ ಎಪಾಕ್ಸಿ ಪ್ರೈಮರೇ ಇರಲಿ. 1035ರಂಥ ಸಣ್ಣ ಟ್ರ್ಯಾಕ್ಟರಿಗೆ ಬಾನೆಟ್, ಮಡ್‌ಗಾರ್ಡಿನ ಕೆಂಪು ಮತ್ತು ಎಂಜಿನ್, ಗೇರ್‌ಬಾಕ್ಸಿನ ಬೂದು ಸೇರಿ ಮೂರು ನಾಲ್ಕು ಲೀಟರ್ ಹಿಡಿಯುತ್ತದೆ. ಮೂಲ ಬಣ್ಣವನ್ನೇ ಉಳಿಸಿಕೊಳ್ಳುವುದು ನನಗೆ ಇಷ್ಟ. ಆರ್‌ಸಿಯಲ್ಲಿ ವಾಹನದ ಬಣ್ಣ ನಮೂದಾಗಿರುವುದರಿಂದ ಆರ್‌ಟಿಒ ಕಡೆಯ ತಾಪತ್ರಯವೂ ಇರುವುದಿಲ್ಲ.

ಬ್ರ್ಯಾಂಡಿನ ಮಾತು ಬಂದಾಗ ಜನ ಹೆಸರಿನ ಹಿಂದೆ ಓಡುತ್ತಾರೆ. ಜಪಾನಿನ ಅನೆಸ್ಟ್ ಇವಾಟಾ, ಜರ್ಮನಿಯ ಸಾಟಾ, ಹಳೆಯ ಡೆವಿಲ್‌ಬಿಸ್, ನಮ್ಮ ದೇಶದ ಪೈಲಟ್, ಇವೆಲ್ಲ ನಂಬಬಹುದಾದ ಹೆಸರುಗಳು. ಇವಾಟಾದ ಡಬ್ಲ್ಯು-71 ಎಂಬ ಹಳೆಯ ಮಾದರಿಯ ನಕಲುಗಳು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ತೂಗಾಡುತ್ತವೆ. ನಕಲನ್ನೂ ಪ್ರೈಮರಿಗೆ ಬಳಸಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊನೆಯ ಕೋಟಿನ ಗನ್ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಆ ಗನ್ನಿನ ಸೂಜಿ, ನಾಜಲ್, ಗಾಳಿ ಮುಚ್ಚಳ ಈ ಮೂರರ ಸೆಟ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅದೇ ಅಂಗಡಿಯಲ್ಲಿ ಕೇಳಿ. ಸಿಗುವುದಿಲ್ಲ ಎಂದರೆ ಎಷ್ಟೇ ಅಂದವಾಗಿದ್ದರೂ ಅಲ್ಲೇ ಬಿಡಿ. ಸೂಜಿ ಸವೆದ ದಿನ ಇಡೀ ಗನ್ ಗುಜರಿಗೆ ಹೋಗುತ್ತದೆ. ಟ್ರ್ಯಾಕ್ಟರಿಗಾಗಿ ಸಾಟಾ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಂದು. ಆ ದುಡ್ಡಿನಲ್ಲಿ ದೊಡ್ಡ ಕಂಪ್ರೆಸರ್ ಬರುತ್ತದೆ, ಫಲಿತಾಂಶ ಅದರಿಂದಲೇ ಹೆಚ್ಚು ಸುಧಾರಿಸುತ್ತದೆ.

ಹೊಸ ಗನ್ ತಂದ ಮೇಲೆ ಒಂದು ರಟ್ಟಿನ ತುಂಡನ್ನು ಗೋಡೆಗೆ ಅಂಟಿಸಿ. ಎಂಟು ಇಂಚು ದೂರದಲ್ಲಿ ಗನ್ ನೇರ ಹಿಡಿದು ಟ್ರಿಗರನ್ನು ಒಂದು ಕ್ಷಣ ಒತ್ತಿ ಬಿಡಿ. ಉದ್ದಕ್ಕೂ ಸಮನಾದ, ನೀಳ ಅಂಡಾಕಾರದ ಗುರುತು ಬಿದ್ದರೆ ಸರಿ. ನಡುವೆ ದಪ್ಪ, ತುದಿ ತೆಳು ಬಂದರೆ ಗಾಳಿ ಸಾಲದು ಅಥವಾ ಬಣ್ಣ ಗಟ್ಟಿ. ನಡುವೆ ಸೀಳಿ ಎರಡು ತುದಿಗಳಲ್ಲಿ ದಪ್ಪವಾಗಿದ್ದರೆ ಒತ್ತಡ ಹೆಚ್ಚಾಗಿದೆ. ಬಾಳೆಹಣ್ಣಿನ ಹಾಗೆ ಒಂದು ಕಡೆ ಬಾಗಿದ್ದರೆ ಗಾಳಿ ಮುಚ್ಚಳದ ಕೊಂಬಿನ ತೂತು ಕಟ್ಟಿಕೊಂಡಿದೆ. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಹೊಡೆಯಿರಿ. ಬಾಗು ಜೊತೆಗೇ ತಿರುಗಿದರೆ ಕೊಳೆ ಮುಚ್ಚಳದಲ್ಲಿದೆ, ತಿರುಗದಿದ್ದರೆ ನಾಜಲಿನಲ್ಲಿ. ಆ ತೂತುಗಳಿಗೆ ಉಕ್ಕಿನ ತಂತಿ, ಗುಂಡುಪಿನ್ನು ಚುಚ್ಚಬೇಡಿ. ಮುಚ್ಚಳ ಮೆದು ಹಿತ್ತಾಳೆಯದು, ತೂತು ಒಮ್ಮೆ ಅಗಲವಾದರೆ ಗುರುತು ಮತ್ತೆ ಸರಿಹೋಗುವುದಿಲ್ಲ.

ಬಣ್ಣವನ್ನು ನೈಲಾನ್ ಜಾಲರಿಯಲ್ಲಿ ಸೋಸದೆ ಕಪ್ಪಿಗೆ ಹಾಕಬೇಡಿ. ತೆಳುವು ಅಳೆಯಲು ಫೋರ್ಡ್ ಕಪ್ 4 ಎಂಬ ತಳದಲ್ಲಿ ತೂತಿರುವ ಸಣ್ಣ ಬಟ್ಟಲು ಸಿಗುತ್ತದೆ. ಕೊನೆಯ ಕೋಟಿನ ಬಣ್ಣ 18ರಿಂದ 22 ಸೆಕೆಂಡಿನಲ್ಲಿ ಅದರಿಂದ ಇಳಿದು ಮುಗಿದರೆ ಸರಿ. ಗನ್ನನ್ನು ಪೂರ್ತಿಯಾಗಿ ಥಿನ್ನರಿನ ಬಕೆಟ್ಟಿನಲ್ಲಿ ನೆನೆಹಾಕುವ ಚಾಳಿ ಬಿಡಿ, ಒಳಗಿನ ಪ್ಯಾಕಿಂಗ್ ಒಣಗಿ ಸೋರತೊಡಗುತ್ತದೆ. ಪೇಂಟ್ ರಿಮೂವರಿನಲ್ಲಿರುವ ಮಿಥಿಲೀನ್ ಕ್ಲೋರೈಡಿನಂಥ ಕ್ಲೋರಿನ್ ದ್ರಾವಕಗಳನ್ನಂತೂ ಅಲ್ಯೂಮಿನಿಯಂ ಗನ್ನಿಗೆ ತಾಗಿಸಲೇಬಾರದು. ಒತ್ತಡದಲ್ಲಿ ಎರಡೂ ಸೇರಿದರೆ ಸಿಡಿಯುವ ಅಪಾಯವಿದೆ.

ಕಂಪ್ರೆಸರ್ ಬೇಡದ ವಿದ್ಯುತ್ ಗನ್ನುಗಳನ್ನು ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಮಾರುತ್ತಾರೆ. ಗೇಟಿಗೆ, ಗ್ರಿಲ್ಲಿಗೆ, ಟ್ರ್ಯಾಲಿಗೆ ನಡೆಯುತ್ತದೆ, ಬಾನೆಟ್ಟಿಗೆ ಬೇಡ. ಏರ್‌ಲೆಸ್ ಗನ್ ಗೋದಾಮಿನ ಗೋಡೆಗೆ, ಹಡಗಿಗೆ ಸೈ. 2000 ಪಿಎಸ್‌ಐ ಮೀರಿದ ಒತ್ತಡದಲ್ಲಿ ಬಣ್ಣ ಚರ್ಮ ಸೀಳಿ ಒಳಹೊಕ್ಕೀತು, ಟ್ರ್ಯಾಕ್ಟರಿಗೆ ಅದು ಅನವಶ್ಯ. ಇನ್ನು ಬ್ರಷ್ಷನ್ನು ಯಾರೂ ಕೀಳಾಗಿ ಕಾಣಬಾರದು. ಒರಟು ಎರಕದ ಮೂಲೆಗಳಿಗೆ ಮೊದಲ ಕೋಟು ಪ್ರೈಮರನ್ನು ಬ್ರಷ್ಷಿನಲ್ಲಿ ತಿಕ್ಕಿದರೆ ಗನ್ನಿಗಿಂತ ಚೆನ್ನಾಗಿ ಕಚ್ಚುತ್ತದೆ. ಇದೇ ಚೆನ್ನೈನಲ್ಲಿ ರಾಯಲ್ ಎನ್‌ಫೀಲ್ಡ್ ಪೆಟ್ರೋಲ್ ಟ್ಯಾಂಕಿನ ಚಿನ್ನದ ಗೆರೆಗಳನ್ನು ಕಲಾವಿದರು ದಶಕಗಳಿಂದ ಕೈಯಲ್ಲೇ ಎಳೆಯುತ್ತ ಬಂದಿದ್ದಾರೆ.

ಹೀಗಾಗಿ ನನ್ನ ತೀರ್ಪು ಇದು. 3 ಎಚ್‌ಪಿ ಕಂಪ್ರೆಸರ್, 10 ಮಿ.ಮೀ. ಪೈಪು, ತಣಿದ ತುದಿಯಲ್ಲಿ ಒಳ್ಳೆಯ ಸೆಪರೇಟರ್, ಇವಕ್ಕೆ ಮೊದಲ ದುಡ್ಡು. ಪ್ರೈಮರಿಗೆ 1.8 ನಾಜಲ್‌ನ ಅಗ್ಗದ ಸಕ್ಷನ್ ಗನ್. ಕೊನೆಯ ಕೋಟಿಗೆ 1.3 ಅಥವಾ 1.4ರ, ಬಿಡಿಭಾಗ ಸಿಗುವ ಹೆಸರುವಾಸಿ ಗ್ರಾವಿಟಿ ಗನ್, ಎಲ್‌ವಿಎಲ್‌ಪಿ ಆದರೆ ಉತ್ತಮ. ಸಂದುಗಳಿಗೆ ಒಂದು ಟಚ್‌ಅಪ್ ಗನ್.

ಇನ್ನೊಂದು ಸಾಮಾನು ಪಟ್ಟಿಯಲ್ಲಿ ಇರಲೇಬೇಕು, ಅಂಗಡಿಯವರು ಅದನ್ನು ತಾವಾಗಿ ತೆಗೆದಿಡುವುದಿಲ್ಲ. ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ. ಅದರ ಮಂಜು ಶ್ವಾಸಕೋಶಕ್ಕೆ ಇಳಿದರೆ ಆಸ್ತಮಾ ಬರಬಹುದು, ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಕೊಂಚ ತಾಗಿದರೂ ಉಸಿರು ಕಟ್ಟುತ್ತದೆ. ಅಪಾಯದ ಮಟ್ಟದಲ್ಲೂ ಅದರ ವಾಸನೆ ತಿಳಿಯುವುದಿಲ್ಲ. ಕರ್ಚೀಫು, ಬಟ್ಟೆ ಮಾಸ್ಕ್ ಯಾವುದೂ ಅದನ್ನು ತಡೆಯದು. ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ಅತ್ಯುತ್ತಮ, ಆದರೆ ಬಣ್ಣ ಹೊಡೆಯುವ ಎಣ್ಣೆ ಕಂಪ್ರೆಸರಿನ ಗಾಳಿಯನ್ನು ಅದಕ್ಕೆ ಕೊಡಬಾರದು. ಅದು ಆಗದಿದ್ದರೆ ಇದ್ದಿಲಿನ ಕಾರ್ಟ್ರಿಜ್ ಮತ್ತು ಧೂಳಿನ ಫಿಲ್ಟರ್ ಎರಡೂ ಇರುವ ರೆಸ್ಪಿರೇಟರ್ ಕನಿಷ್ಠ ಅಗತ್ಯ, ಕಾರ್ಟ್ರಿಜ್ಜನ್ನು ಕಾಲಕಾಲಕ್ಕೆ ಬದಲಿಸಬೇಕು. ಹಳೆಯ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. 2017ರ ನವೆಂಬರ್ 1ರಿಂದ ಜಾರಿಗೆ ಬಂದ 90 ಪಿಪಿಎಂ ಮಿತಿ ಮನೆ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ ಅನ್ವಯಿಸುತ್ತದೆ, ವಾಹನದ ಬಣ್ಣಕ್ಕಲ್ಲ. ಹಾಗಾಗಿ ಹಳೆ ಬಣ್ಣವನ್ನು ಒಣಗಿದ್ದಾಗ ಉಜ್ಜದೆ ನೀರು ಹಾಕಿ ವಾಟರ್ ಪೇಪರಿನಲ್ಲೇ ಉಜ್ಜಿಸಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ನೀವೇ ಬಣ್ಣ ಹೊಡೆಯುತ್ತೀರಾದರೆ ಗನ್ನಿನ ಜೊತೆಗೇ ರೆಸ್ಪಿರೇಟರ್ ಕೊಂಡುಕೊಳ್ಳಿ. ಪೇಂಟರ್ ಕೈಗೆ ಟ್ರ್ಯಾಕ್ಟರ್ ಒಪ್ಪಿಸುತ್ತೀರಾದರೆ ರೆಸ್ಪಿರೇಟರಿನ ಬೆಲೆಯನ್ನು ಕೂಲಿಯ ಜೊತೆಗೆ ನೀವೇ ಸೇರಿಸಿ ಕೊಡಿ, ಹಾಕಿಕೊಂಡೇ ಕೆಲಸ ಮಾಡಬೇಕೆಂದು ಹೇಳಿ.